ಲಿಂಗ ಪರಿವರ್ತನೆಯ ಹಾದಿಯಲ್ಲಿ ರೆಟಿನಾಯ್ಡ್ ಮುಲಾಮುಗಳು

ಎ ಜೀವಸತ್ವ, ಅದರಿಂದ ಹುಟ್ಟಿದ ಆಮ್ಲಗಳು ಮತ್ತು ಅವುಗಳಂತೆಯೇ ಕೆಲಸ ಮಾಡುವ ಕೃತಕ ರಾಸಾಯನಿಕಗಳು, ಇಷ್ಟೂ ಸೇರಿದ ಕುಟುಂಬಕ್ಕೆ ರೆಟಿನಾಯ್ಡ್ ಎಂದು ಹೆಸರು. ಮೊಡವೆಗೆ, ಬಿಸಿಲಿಗೆ ಬಾಡಿದ ಚರ್ಮಕ್ಕೆ, ಕಪ್ಪು ಕಲೆಗೆ ಚರ್ಮವೈದ್ಯರು ಬರೆದುಕೊಡುವ ಮುಲಾಮುಗಳಲ್ಲಿ ಅರ್ಧ ಶತಮಾನದಿಂದ ಇವು ಮುಂಚೂಣಿಯಲ್ಲಿವೆ. ಲಿಂಗ ಪರಿವರ್ತನೆಯ ಹಾದಿಯಲ್ಲಿರುವವರೂ ಇವನ್ನು ಬಳಸುತ್ತಾರೆ. ಟ್ರಾನ್ಸ್ ಮಹಿಳೆಯರಿಗೆ ಬೇಕಾದದ್ದು ನಯವಾದ ಮುಖ. ಟ್ರಾನ್ಸ್ ಪುರುಷರಿಗೆ ಟೆಸ್ಟೋಸ್ಟಿರಾನ್ ತಂದ ಮೊಡವೆಯಿಂದ ಬಿಡುಗಡೆ. ಈ ಬಳಕೆಯಲ್ಲಿ ಹಾರ್ಮೋನಿನ ಕೆಲಸ ಯಾವುದು, ಮುಲಾಮಿನ ಕೆಲಸ ಯಾವುದು ಎಂಬುದು ಬಹಳ ಸಲ ಕಲಸಿಹೋಗುತ್ತದೆ. ಎರಡನ್ನೂ ಬಿಡಿಸಿ ನೋಡಿದಾಗ ಮಾತ್ರ ಮುಲಾಮಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ತಿಳಿಯುತ್ತದೆ.

ಎ ಜೀವಸತ್ವಕ್ಕೂ ಚರ್ಮಕ್ಕೂ ಇರುವ ನಂಟು ಮೊದಲು ಗೊತ್ತಾದದ್ದು ಅದರ ಕೊರತೆಯಿಂದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ 1913ರಲ್ಲಿ ಬೆಣ್ಣೆ ಮತ್ತು ಮೊಟ್ಟೆಯ ಕೊಬ್ಬಿನಲ್ಲಿ ಬೆಳವಣಿಗೆಗೆ ಬೇಕಾದ ಒಂದು ಅಂಶವಿದೆ ಎಂದು ತೋರಿಸಿದರು. 1925ರಲ್ಲಿ ವೋಲ್ಬಾಕ್ ಮತ್ತು ಹೋವ್ ಆ ಅಂಶವಿಲ್ಲದ ಆಹಾರ ತಿಂದ ಇಲಿಗಳಲ್ಲಿ ಮೆದುವಾಗಿರಬೇಕಾದ ಒಳಪೊರೆಗಳು ಒರಟಾಗಿ, ಹೊರಚರ್ಮದಂತೆ ಗಡುಸಾಗುವುದನ್ನು ಕಂಡರು. ಕೂದಲ ಬುಡಗಳು ಮುಳ್ಳುಮುಳ್ಳಾಗಿ ಏಳುವ ಕಾಯಿಲೆಯನ್ನು ಸಿಲೋನಿನಲ್ಲಿದ್ದ ವೈದ್ಯ ಲೂಸಿಯಸ್ ನಿಕೋಲ್ಸ್ 1933ರಲ್ಲಿ ವಿವರಿಸಿದರು. ಅದು ಕಪ್ಪೆ ಚರ್ಮ ಎಂಬ ಅರ್ಥದ ಹೆಸರಿನಿಂದ ಪಠ್ಯಪುಸ್ತಕಗಳನ್ನು ಸೇರಿತು. ಈ ನಡುವೆ ಸ್ವಿಟ್ಜರ್ಲೆಂಡಿನ ಪಾಲ್ ಕ್ಯಾರರ್ ಜೀವಸತ್ವದ ರಚನೆಯನ್ನು ಕಂಡುಹಿಡಿದಿದ್ದರು. 1937ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದುದರಲ್ಲಿ ಈ ಕೆಲಸದ ಪಾಲೂ ಇತ್ತು. 1946ರಲ್ಲಿ ನೆದರ್ಲೆಂಡ್ಸಿನ ರಸಾಯನಶಾಸ್ತ್ರಜ್ಞರು ಎ ಜೀವಸತ್ವದ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇಂದು ಟ್ರೆಟಿನೋಯಿನ್ ಎನ್ನುವುದು ಅದನ್ನೇ.

ಆ ಆಮ್ಲವನ್ನು ಚರ್ಮಕ್ಕೆ ಹಚ್ಚಿ ನೋಡಿದವರಲ್ಲಿ ಜರ್ಮನಿಯ ಗುಂಟರ್ ಸ್ಟುಟ್‌ಗೆನ್ ಮೊದಲಿಗರು. 1960ರ ದಶಕದ ಆರಂಭದಲ್ಲಿ ಅವರು ಅದನ್ನು ಮೀನಿನ ಹುರುಪೆಯಂತೆ ಚರ್ಮ ಏಳುವ ರೋಗಗಳಿಗೆ ಬಳಸಿದರು. ಚರ್ಮ ಸುಧಾರಿಸಿತು, ಆದರೆ ಉರಿಯೂ ಜೋರಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ತಮ್ಮ ಸಹೋದ್ಯೋಗಿಗಳೊಂದಿಗೆ 1969ರಲ್ಲಿ ಅದನ್ನು ಮೊಡವೆಗೆ ಬಳಸಿದ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷಗಳಲ್ಲಿ, ಎಂದರೆ 1971ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೆಟಿನೋಯಿನ್ ಮುಲಾಮಿಗೆ ಮೊಡವೆ ಔಷಧವೆಂದು ಒಪ್ಪಿಗೆ ಕೊಟ್ಟಿತು.

ಈ ಯಶಸ್ಸಿನ ಹಿಂದೆ ಮರೆಯಬಾರದ ಅನ್ಯಾಯವೊಂದಿದೆ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಕ್ಲಿಗ್ಮನ್ ಕೈದಿಗಳ ಚರ್ಮದ ಮೇಲೆ ನೂರಾರು ವಸ್ತುಗಳನ್ನು ಪರೀಕ್ಷಿಸಿದರು. ಟ್ರೆಟಿನೋಯಿನ್ ಅವುಗಳಲ್ಲಿ ಒಂದು. ಕೈದಿಗಳಲ್ಲಿ ಬಹುಪಾಲು ಕಪ್ಪುವರ್ಣೀಯರು. ಏನನ್ನು ಹಚ್ಚಲಾಗುತ್ತಿದೆ, ಅದರಿಂದ ಯಾವ ಅಪಾಯ ಎಂಬುದು ಅನೇಕರಿಗೆ ಗೊತ್ತೇ ಇರಲಿಲ್ಲ. ಅಲೆನ್ ಹಾರ್ನ್‌ಬ್ಲಮ್ ಅವರ 1998ರ ಪುಸ್ತಕದಿಂದ ಈ ವಿವರಗಳು ಜನರೆದುರು ಬಂದವು. ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು. ಸಮಾಜ ಅಂಚಿಗೆ ತಳ್ಳಿದವರ ಮೈಮೇಲೆ ಬೆಳೆದ ಜ್ಞಾನವಿದು. ಅಂಚಿನಲ್ಲಿರುವ ಮತ್ತೊಂದು ಸಮುದಾಯಕ್ಕೆ ಇದರ ಫಲ ತಲುಪಿಸುವಾಗ ಪೂರ್ಣ ತಿಳಿವಳಿಕೆ ಮತ್ತು ಒಪ್ಪಿಗೆ ಯಾಕೆ ಮುಖ್ಯ ಎಂಬುದಕ್ಕೆ ಬೇರೆ ಕಾರಣ ಬೇಡ.

ಮೊಡವೆಗೆಂದು ಹಚ್ಚಿಕೊಂಡ ನಡುವಯಸ್ಸಿನ ಮಹಿಳೆಯರು ತಮ್ಮ ಚರ್ಮ ನಯವಾಗಿದೆ, ಸಣ್ಣ ಸುಕ್ಕುಗಳು ತಗ್ಗಿವೆ ಎನ್ನತೊಡಗಿದಾಗ ಸಂಶೋಧನೆ ಹೊಸ ದಿಕ್ಕಿಗೆ ಹೊರಳಿತು. 1986ರಲ್ಲಿ ಕ್ಲಿಗ್ಮನ್ ತಂಡ ಬಿಸಿಲಿಗೆ ಬಾಡಿದ ಚರ್ಮದ ಮೇಲೆ ಟ್ರೆಟಿನೋಯಿನ್ ಪರಿಣಾಮವನ್ನು ವರದಿ ಮಾಡಿತು. 1988ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ 30 ಜನರ ಮೇಲೆ 16 ವಾರ ನಡೆಸಿದ ಪರೀಕ್ಷೆಯಲ್ಲಿ, ಔಷಧವಿಲ್ಲದ ಮುಲಾಮಿಗಿಂತ ಔಷಧವಿದ್ದದ್ದೇ ಮೇಲೆಂದು ಕಂಡಿತು. ಅದೇ ವಿಶ್ವವಿದ್ಯಾಲಯದಿಂದ 1993ರಲ್ಲಿ ಬಂದ ಅಧ್ಯಯನ ಇನ್ನೂ ಆಳಕ್ಕೆ ಇಳಿಯಿತು. ಶೇ. 0.1ರ ಟ್ರೆಟಿನೋಯಿನ್ ಅನ್ನು 10ರಿಂದ 12 ತಿಂಗಳು ಹಚ್ಚಿದವರಲ್ಲಿ ಮೊದಲನೆಯ ಬಗೆಯ ಕೊಲಾಜನ್ ತಯಾರಿ ಶೇ. 80ರಷ್ಟು ಏರಿತ್ತು, ಬರಿಯ ಮುಲಾಮು ಹಚ್ಚಿದವರಲ್ಲಿ ಶೇ. 14ರಷ್ಟು ಇಳಿದಿತ್ತು. ಚರ್ಮಕ್ಕೆ ಬಿಗಿಯನ್ನೂ ತುಂಬುತನವನ್ನೂ ಕೊಡುವ ನಾರು ಈ ಕೊಲಾಜನ್.

ಇದೆಲ್ಲ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ 1987ರಲ್ಲೇ ಸಿಕ್ಕಿತ್ತು. ಫ್ರಾನ್ಸಿನ ಪಿಯರ್ ಶಾಂಬೋನ್ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ತಂಡಗಳು ಪ್ರತ್ಯೇಕವಾಗಿ, ಜೀವಕೋಶದ ಕೇಂದ್ರದಲ್ಲಿ ರೆಟಿನೋಯಿಕ್ ಆಮ್ಲವನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನನ್ನು ಗುರುತಿಸಿದವು. ಈಸ್ಟ್ರೋಜನ್, ಟೆಸ್ಟೋಸ್ಟಿರಾನ್‌ಗಳ ಗ್ರಾಹಕಗಳು ಸೇರಿದ ದೊಡ್ಡ ಕುಟುಂಬಕ್ಕೇ ಇದೂ ಸೇರಿದ್ದು. ಕುಟುಂಬ ಒಂದೇ ಆದರೂ ಒಂದರ ಸಂದೇಶ ಇನ್ನೊಂದಕ್ಕೆ ಮುಟ್ಟುವುದಿಲ್ಲ. ರೆಟಿನಾಯ್ಡ್ ಹಚ್ಚಿದಾಗ ಮೇಲ್ಚರ್ಮದ ಕೋಶಗಳು ಬೇಗ ಬೇಗ ಹುಟ್ಟಿ ಮೇಲೇರುತ್ತವೆ, ಸತ್ತ ಪದರ ತೆಳುವಾಗಿ ಒತ್ತಾಗುತ್ತದೆ, ಕೂದಲ ಬುಡದ ರಂಧ್ರಗಳಲ್ಲಿ ಜಿಡ್ಡು ಕಟ್ಟಿಕೊಳ್ಳುವುದು ತಪ್ಪುತ್ತದೆ, ಕಪ್ಪುಬಣ್ಣದ ಕಣಗಳು ಚದುರುತ್ತವೆ, ಕೆಳಪದರದಲ್ಲಿ ಕೊಲಾಜನ್ ಹೆಚ್ಚುತ್ತದೆ. ಮುಟ್ಟಿದರೆ ನಯವೆನಿಸುವುದು ಇವೆಲ್ಲ ಸೇರಿ. ಇಷ್ಟಾದರೂ ಚರ್ಮ ಹೆಣ್ಣಿನದಾಗಲಿ ಗಂಡಿನದಾಗಲಿ ಆಗುವುದಿಲ್ಲ. ಆ ಬದಲಾವಣೆ ಹಾರ್ಮೋನಿನದು.

ಟ್ರೆಟಿನೋಯಿನ್ ನಂತರ ಬಂದವುಗಳಲ್ಲಿ ಎರಡು ಮುಖ್ಯ. ಎಫ್‌ಡಿಎ 1996ರಲ್ಲಿ ಒಪ್ಪಿದ ಅಡಾಪಲೀನ್‌ನಿಂದ ಆಗುವ ಉರಿ ಕಡಿಮೆ, ಅದು ಬೆಳಕಿಗೆ ಕೆಡುವುದಿಲ್ಲ, ಅದರ ಶೇ. 0.1ರ ಜೆಲ್ 2016ರಿಂದ ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. 1997ರ ಟಜಾರೋಟೀನ್ ಹೆಚ್ಚು ತೀಕ್ಷ್ಣ. ಸೌಂದರ್ಯ ಸಾಮಗ್ರಿಗಳಲ್ಲಿ ಇರುವ ರೆಟಿನಾಲ್ ಚರ್ಮದೊಳಗೆ ಎರಡು ಹಂತ ದಾಟಿ ಆಮ್ಲವಾಗಬೇಕು, ಹಾಗಾಗಿ ಅದರ ಬಲ ಕಡಿಮೆ. ಬಲ ಹೆಚ್ಚಿದ್ದೇ ಒಳ್ಳೆಯದು ಎಂಬ ನಂಬಿಕೆಯನ್ನು 1995ರ ಮಿಶಿಗನ್ ಅಧ್ಯಯನ ಅಲುಗಾಡಿಸಿತು. ಶೇ. 0.025 ಮತ್ತು ಶೇ. 0.1ರ ಟ್ರೆಟಿನೋಯಿನ್ 48 ವಾರಗಳಲ್ಲಿ ಹೆಚ್ಚುಕಡಿಮೆ ಒಂದೇ ಸುಧಾರಣೆ ತಂದವು. ಉರಿ, ಕೆಂಪು ಮಾತ್ರ ಹೆಚ್ಚು ಬಲದ್ದರಲ್ಲಿ ಬಹಳ ಜಾಸ್ತಿ.

ಹಾರ್ಮೋನು ಮತ್ತು ಚರ್ಮದ ಸಂಬಂಧವನ್ನು ಪರಿವರ್ತನೆಯಲ್ಲಿರುವವರಲ್ಲೇ ಅಳೆದು ನೋಡಿದ ಕೆಲಸ ತಡವಾಗಿ ಶುರುವಾಯಿತು. ಆಮ್‌ಸ್ಟರ್‌ಡ್ಯಾಮ್‌ನ ಗಿಲ್ಟೇ ಮತ್ತು ಗೂರೆನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಸ್ಟ್ರೋಜನ್ ಜೊತೆಗೆ ಆಂಡ್ರೊಜನ್ ತಡೆಯುವ ಔಷಧವನ್ನೂ ಪಡೆದ ಟ್ರಾನ್ಸ್ ಮಹಿಳೆಯರ ಚರ್ಮದ ಜಿಡ್ಡು ಬೇಗನೆ ಇಳಿಯಿತು; ಟೆಸ್ಟೋಸ್ಟಿರಾನ್ ಪಡೆದ ಟ್ರಾನ್ಸ್ ಪುರುಷರಲ್ಲಿ ಏರಿತು. ಬೆಲ್ಜಿಯಂನ ಘೆಂಟ್ ನಗರದ ಸಂಶೋಧಕರು 2014ರಲ್ಲಿ ಟ್ರಾನ್ಸ್ ಪುರುಷರ ಮೊಡವೆಯನ್ನು ಗಮನಿಸಿದಾಗ ಅದು ಮೊದಲ ಆರು ತಿಂಗಳಲ್ಲಿ ಜೋರಾಗಿತ್ತು, ವರ್ಷಗಳ ನಂತರ ಹೆಚ್ಚಿನವರಲ್ಲಿ ಸೌಮ್ಯವಾಗಿತ್ತು ಇಲ್ಲವೇ ಇರಲೇ ಇಲ್ಲ. ಎಂಡೊಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯ ಪ್ರಕಾರ ಟ್ರಾನ್ಸ್ ಮಹಿಳೆಯರ ಚರ್ಮ ಮೆದುವಾಗತೊಡಗುವುದು ಹಾರ್ಮೋನು ಶುರುವಾದ 3ರಿಂದ 6 ತಿಂಗಳಲ್ಲಿ. ಮುಲಾಮು ಹಚ್ಚಿದರೂ ಹಚ್ಚದಿದ್ದರೂ ಬರುವ ಬದಲಾವಣೆ ಇದು. ಅದೇ ಹೊತ್ತಿಗೆ ರೆಟಿನಾಯ್ಡನ್ನೂ ಶುರುಮಾಡಿದವರು ನಯವೆಲ್ಲ ಮುಲಾಮಿನಿಂದಲೇ ಬಂತೆಂದು ತಿಳಿಯುವುದು ಸಹಜ. ಈ ಗೊಂದಲವನ್ನು ಬಿಡಿಸಬಲ್ಲ, ಪರಿವರ್ತನೆಯಲ್ಲಿರುವವರ ಮೇಲೆಯೇ ನಡೆದ ಮುಲಾಮಿನ ಪರೀಕ್ಷೆಗಳ ನೆಲೆ ಬಹಳ ತೆಳು. ಅವರಿಗೆ ವೈದ್ಯರು ಕೊಡುವ ಸಲಹೆ ಬಹುತೇಕ ಮೊಡವೆಯ, ಬಿಸಿಲು ತಾಕಿದ ಚರ್ಮದ ಅಧ್ಯಯನಗಳಿಂದ ತಂದ ಎರವಲು.

ಟ್ರಾನ್ಸ್ ಮಹಿಳೆಯರ ಮಟ್ಟಿಗೆ ಇನ್ನೊಂದು ತೊಡಕಿದೆ. ಈಸ್ಟ್ರೋಜನ್‌ನಿಂದ ಜಿಡ್ಡು ತಗ್ಗಿದ ಚರ್ಮ ಮೊದಲಿಗಿಂತ ಒಣಗಿರುತ್ತದೆ. ಅದರ ಮೇಲೆ ತೀಕ್ಷ್ಣ ರೆಟಿನಾಯ್ಡ್ ಬಿದ್ದರೆ ಸಿಪ್ಪೆ ಏಳುವುದು, ಬಿರಿಯುವುದು ಸಾಮಾನ್ಯ. ಹಳೆಯ ಜಿಡ್ಡುಚರ್ಮಕ್ಕೆ ಹೊಂದಿದ ಬಲ ಹೊಸ ಚರ್ಮಕ್ಕೆ ಹೊಂದಬೇಕೆಂದಿಲ್ಲ. ಗಡ್ಡದ ಕೂದಲಂತೂ ಈಸ್ಟ್ರೋಜನ್‌ಗೂ ಬಗ್ಗುವುದಿಲ್ಲ, ರೆಟಿನಾಯ್ಡ್‌ಗೂ ಬಗ್ಗುವುದಿಲ್ಲ; ಅದಕ್ಕೆ ಲೇಸರ್ ಇಲ್ಲವೇ ಎಲೆಕ್ಟ್ರಾಲಿಸಿಸ್ ಬೇಕು. ಮಂಗಳಮುಖಿ ಸಮುದಾಯದಲ್ಲಿ ಚಿಮಟದಿಂದ ಒಂದೊಂದೇ ಕೂದಲು ಕೀಳುವ ರೂಢಿ ಹಳೆಯದು. ಕಿತ್ತ ಕೂದಲು ಚರ್ಮದೊಳಗೇ ಸುರುಳಿಯಾಗಿ ಬೆಳೆದಾಗ ಗುಳ್ಳೆ ಏಳುತ್ತದೆ, ಗುಳ್ಳೆ ಆರಿದ ಜಾಗ ಕಪ್ಪಾಗುತ್ತದೆ. ರಂಧ್ರ ಮುಚ್ಚದಂತೆ ನೋಡಿಕೊಳ್ಳುವ ರೆಟಿನಾಯ್ಡ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಮುಲಾಮು ಹಚ್ಚಿದ ಚರ್ಮಕ್ಕೆ ವ್ಯಾಕ್ಸ್ ಹಾಕಿ ಎಳೆದರೆ ಚರ್ಮವೇ ಕಿತ್ತುಬರಬಹುದು. ವ್ಯಾಕ್ಸಿಂಗ್‌ಗೂ ಲೇಸರ್‌ಗೂ ಕೆಲವು ದಿನ ಮೊದಲೇ ರೆಟಿನಾಯ್ಡ್ ನಿಲ್ಲಿಸಲು ಚರ್ಮವೈದ್ಯರು ಹೇಳುವುದು ಇದಕ್ಕೇ.

ಟ್ರಾನ್ಸ್ ಪುರುಷರ ಮೊಡವೆಗೆ ಅಡಾಪಲೀನ್ ಅಥವಾ ಟ್ರೆಟಿನೋಯಿನ್, ಜೊತೆಗೆ ಬೆನ್ಜಾಯ್ಲ್ ಪೆರಾಕ್ಸೈಡ್ ಮೊದಲ ಹಂತದ ಚಿಕಿತ್ಸೆ. ಅದಕ್ಕೂ ಬಗ್ಗದ, ಎದೆ ಬೆನ್ನುಗಳ ಮೇಲೂ ಗಡ್ಡೆಯಾಗಿ ಏಳುವ ಮೊಡವೆಗೆ ನುಂಗುವ ಐಸೊಟ್ರೆಟಿನೋಯಿನ್ ಬೇಕಾಗುತ್ತದೆ. 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಮಾತ್ರೆ ಗರ್ಭದಲ್ಲಿರುವ ಮಗುವಿನ ಮಿದುಳು, ಹೃದಯ, ಕಿವಿಗಳನ್ನು ಊನಗೊಳಿಸಬಲ್ಲದು. ಟೆಸ್ಟೋಸ್ಟಿರಾನ್‌ನಿಂದ ಮುಟ್ಟು ನಿಂತರೂ ಅದು ಗರ್ಭನಿರೋಧಕವಲ್ಲ. ಗರ್ಭಕೋಶ, ಅಂಡಾಶಯ ಇರುವ ಟ್ರಾನ್ಸ್ ಪುರುಷ ಗರ್ಭಿಣಿಯಾಗಬಲ್ಲ. ಈ ಮಾತನ್ನು ಮುಜುಗರವಿಲ್ಲದೆ, ಮರ್ಯಾದೆಯಿಂದ ಕೇಳಿ ತಿಳಿಯುವುದು ವೈದ್ಯರ ಕರ್ತವ್ಯ. ಅಮೆರಿಕದಲ್ಲಿ 2006ರಿಂದ ಜಾರಿಯಲ್ಲಿರುವ ಐಪ್ಲೆಜ್ ಎಂಬ ನೋಂದಣಿ ವ್ಯವಸ್ಥೆ ಮಾತ್ರೆ ಪಡೆಯುವವರನ್ನು ಗಂಡು, ಹೆಣ್ಣು ಎಂದು ವಿಂಗಡಿಸುತ್ತಿತ್ತು. ಚಿಕಿತ್ಸೆ ಬೇಕಾದ ಟ್ರಾನ್ಸ್ ಪುರುಷ ಹೆಣ್ಣೆಂದು ಬರೆಸಿಕೊಳ್ಳಬೇಕಾಗಿತ್ತು. ಚರ್ಮವೈದ್ಯರ ಒತ್ತಾಯದ ಫಲವಾಗಿ 2021ರ ಡಿಸೆಂಬರಿನಲ್ಲಿ ಅದು ಬದಲಾಗಿ, ಗರ್ಭ ಧರಿಸಬಲ್ಲವರು, ಧರಿಸಲಾರದವರು ಎಂಬ ಎರಡೇ ವಿಭಾಗ ಉಳಿದವು. ಔಷಧದ ಅಪಾಯಕ್ಕೂ ಮನುಷ್ಯನ ಗುರುತಿಗೂ ಇದ್ದ ಅನಗತ್ಯ ಗಂಟು ಹೀಗೆ ಬಿಚ್ಚಿತು. ಹಚ್ಚುವ ರೆಟಿನಾಯ್ಡ್ ರಕ್ತಕ್ಕೆ ಸೇರುವುದು ಅತ್ಯಲ್ಪವಾದರೂ ಬಸಿರಿನಲ್ಲಿ ಅದನ್ನೂ ಬಳಸಬಾರದೆಂದೇ ಸಲಹೆ.

ಭಾರತೀಯರ ಚರ್ಮದಲ್ಲಿ ಉರಿಯ ಬೆಲೆ ಹೆಚ್ಚು. ಕೆಂಪಾಗಿ ಉರಿದ ಜಾಗ ಆಮೇಲೆ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಇಲ್ಲಿ ನಿಧಾನವೇ ಸರಿಯಾದ ದಾರಿ. ಶೇ. 0.025ರ ಟ್ರೆಟಿನೋಯಿನ್ ಅಥವಾ ಅಡಾಪಲೀನ್, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ರಾತ್ರಿ ಹೊತ್ತು, ಒಣಗಿದ ಚರ್ಮದ ಮೇಲೆ. ಮೊದಲು ವಾರಕ್ಕೆ ಎರಡು ಮೂರು ದಿನ, ಮೇಲೊಂದು ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್. ಮೊಡವೆಗೆ ಸುಮಾರು 12 ವಾರ, ನಯಕ್ಕೂ ಕಲೆಗೂ ಅದಕ್ಕಿಂತ ಹೆಚ್ಚು ತಿಂಗಳು ಕಾಯಬೇಕು.

ಕಾಯಲಾರದವರ ಕೈಗೆ ಸಿಗುವುದು ಮೂರು ಔಷಧ ಬೆರೆಸಿದ ಮುಲಾಮು. ಇದರ ಮೂಲ 1975ರಲ್ಲಿ ಕ್ಲಿಗ್ಮನ್ ಮತ್ತು ವಿಲ್ಲಿಸ್ ಪ್ರಕಟಿಸಿದ ಸೂತ್ರ: ಹೈಡ್ರೊಕ್ವಿನೋನ್, ಟ್ರೆಟಿನೋಯಿನ್, ಡೆಕ್ಸಮೆಥಾಸೋನ್ ಎಂಬ ಸ್ಟೀರಾಯ್ಡ್. ಬಂಗು ಎಂಬ ಕಪ್ಪು ಕಲೆಗೆ ಕೆಲವೇ ವಾರ, ವೈದ್ಯರ ಕಣ್ಣಳತೆಯಲ್ಲಿ ಬಳಸಬೇಕಾದ ಇಂಥ ಮಿಶ್ರಣ ಭಾರತದಲ್ಲಿ ಬಿಳುಪಿನ ಕ್ರೀಮಾಗಿ ಮೆಡಿಕಲ್ ಶಾಪುಗಳಲ್ಲಿ ಕೇಳಿದವರಿಗೆಲ್ಲ ಸಿಗತೊಡಗಿತು. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಳು ಕಳೆದಂತೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಹೆಚ್ಚುತ್ತದೆ. ಮುಖದ ಕೂದಲನ್ನು ಕಳೆದುಕೊಳ್ಳಲು ಹಣವನ್ನೂ ನೋವನ್ನೂ ಸುರಿಯುತ್ತಿರುವ ಟ್ರಾನ್ಸ್ ಮಹಿಳೆಗೆ ಇದಕ್ಕಿಂತ ಕ್ರೂರವಾದ ಪರಿಣಾಮವಿಲ್ಲ. ಭಾರತದ ಚರ್ಮವೈದ್ಯರ ಸಂಘಟನೆ ಇದರ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಟ್ರೆಟಿನೋಯಿನ್ ಎಂದಿದ್ದರೆ ಸಾಲದು, ಪಕ್ಕದಲ್ಲಿ ಮೊಮೆಟಾಸೋನ್, ಫ್ಲೂಸಿನೊಲೋನ್, ಡೆಕ್ಸಮೆಥಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳಿವೆಯೇ ಎಂದು ಓದಿ ನೋಡಬೇಕು.

ಹೀಗೆ ಓದಿ ಹೇಳಬೇಕಾದವರು ವೈದ್ಯರು. ಅವರ ಬಳಿಗೆ ಹೋಗಲು ಸಮುದಾಯ ಹಿಂಜರಿಯುವುದಕ್ಕೆ ಆಸ್ಪತ್ರೆಗಳಲ್ಲಿ ಉಂಡ ಅವಮಾನ ದೊಡ್ಡ ಕಾರಣ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆ ತನ್ನ 15ನೇ ಸೆಕ್ಷನ್ನಿನಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನು ಚಿಕಿತ್ಸೆಗಳ ಜೊತೆ ಲೇಸರ್ ಚಿಕಿತ್ಸೆಗೂ ವಿಮೆಯ ಏರ್ಪಾಡಾಗಬೇಕೆಂದಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆರೋಗ್ಯಕ್ಕೆ ತಕ್ಕಂತೆ ವೈದ್ಯಕೀಯ ಪಠ್ಯ ಮತ್ತು ಸಂಶೋಧನೆಯನ್ನು ಪರಿಶೀಲಿಸಬೇಕೆಂದೂ ಹೇಳಿತು. ಚರ್ಮರೋಗ ವಿಭಾಗವಿರುವ ಪ್ರತಿ ವೈದ್ಯಕೀಯ ಕಾಲೇಜು ಈ ಎರಡನೆಯ ಮಾತನ್ನು ತನ್ನ ಪಾಠಪಟ್ಟಿಗೆ ತರಬೇಕು, ಹಾರ್ಮೋನು ಪಡೆಯುತ್ತಿರುವವರ ಚರ್ಮದ ಮೇಲೆ, ಅವರ ತಿಳಿದ ಒಪ್ಪಿಗೆಯೊಂದಿಗೆ, ಇಲ್ಲಿಯೇ ಅಧ್ಯಯನ ನಡೆಸಬೇಕು.