ಕಾರ್ಡು ಕೈಯಲ್ಲಿದ್ದರೆ ಸಾಕೇ? ಕರ್ನಾಟಕದ ಆರೋಗ್ಯ ವಿಮೆ ಮತ್ತು ಅದರ ಅಧ್ಯಯನಗಳ ಇತಿಹಾಸ

ಬಡವರಿಗೆ ಆರೋಗ್ಯ ವಿಮೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆಯೇ? ಹೌದು ಎಂದ ಒಂದು ಅಧ್ಯಯನವೂ, ಹಾಗೆನ್ನಲು ಆಧಾರ ಸಿಗಲಿಲ್ಲ ಎಂದ ಇನ್ನೊಂದು ಅಧ್ಯಯನವೂ ನಡೆದದ್ದು ಕರ್ನಾಟಕದ ಹಳ್ಳಿಗಳಲ್ಲೇ. ಎರಡೂ ಜಗತ್ತಿನ ಆರೋಗ್ಯ ಅರ್ಥಶಾಸ್ತ್ರಜ್ಞರ ಗಮನ ಸೆಳೆದಿವೆ. ನಮ್ಮಲ್ಲಿ ಮಾತ್ರ ಅವುಗಳ ಚರ್ಚೆ ವಿರಳ.

ಈ ಚರಿತ್ರೆಯ ಮೊದಲ ಮುಖ್ಯ ಘಟ್ಟ ಯಶಸ್ವಿನಿ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಕಲ್ಪನೆಗೆ ಎಸ್.ಎಂ. ಕೃಷ್ಣ ಸರ್ಕಾರದ ಬೆಂಬಲ ದೊರೆತು, ಹಳ್ಳಿಹಳ್ಳಿಯ ಸಹಕಾರ ಸಂಘಗಳ ಮೂಲಕ 2003ರಲ್ಲಿ ಯೋಜನೆ ಜಾರಿಗೆ ಬಂತು. ಆಗ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ. ನಡುವೆ ವಿಮಾ ಕಂಪನಿ ಇರಲಿಲ್ಲ, ಹೊಣೆಯನ್ನು ಯೋಜನೆಯ ಟ್ರಸ್ಟೇ ಹೊತ್ತಿತ್ತು. ಸೌಲಭ್ಯ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಆರಾಧನಾ ಅಗರ್ವಾಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಸದಸ್ಯರು ಚಿಕಿತ್ಸೆ ಪಡೆಯುವುದು ಹೆಚ್ಚಿದೆ, ಅದಕ್ಕಾಗಿ ಮಾಡುವ ಸಾಲ ತಗ್ಗಿದೆ ಎಂದಿತು. ಆದರೆ ತಾವಾಗಿ ಬಂದು ಸೇರಿದವರನ್ನು ಸೇರದೆ ಉಳಿದವರ ಜೊತೆ ಹೋಲಿಸುವಾಗ ಒಂದು ತೊಡಕು ಇದ್ದೇ ಇರುತ್ತದೆ. ಕಾಯಿಲೆಯ ಭಯ ಇದ್ದವರೇ ಮೊದಲು ಸೇರಿರಬಹುದಲ್ಲ!

ಆ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಬಡತನ ರೇಖೆಗಿಂತ ಕೆಳಗಿನ (ಬಿಪಿಎಲ್) ಕುಟುಂಬಗಳಿಗಾಗಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ, ಅದೂ ಆಡಳಿತದ ಒಂದು ನಿರ್ಧಾರದಿಂದ. ಯೋಜನೆ ಒಂದೇ ಸಲಕ್ಕೆ ರಾಜ್ಯವಿಡೀ ಬರಲಿಲ್ಲ. 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಹೀಗಾಗಿ ವಿಭಾಗದ ಗಡಿಯ ಆಚೀಚೆ, ಅದೇ ಮಳೆ ಅದೇ ಬೆಳೆಯ ಅಕ್ಕಪಕ್ಕದ ಊರುಗಳಲ್ಲಿ ಒಂದಕ್ಕೆ ಸೌಲಭ್ಯ ಉಂಟು, ಇನ್ನೊಂದಕ್ಕೆ ಇಲ್ಲ. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಸಂಗಡಿಗರು ಇಂಥ 572 ಹಳ್ಳಿಗಳನ್ನು ಹೋಲಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಪಿಎಲ್ ಕುಟುಂಬಗಳಲ್ಲಿ ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಸೌಲಭ್ಯವಿಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ಶೇ 64ರಷ್ಟು ಇಳಿಕೆ ಎಂದಾಗ ದೊಡ್ಡದಾಗಿ ಕೇಳಿಸುತ್ತದೆ. ಸಾವಿರಕ್ಕೆ ಸುಮಾರು ಆರು ಎಂದರೆ ಅಳತೆ ಸರಿಯಾಗಿ ತಿಳಿಯುತ್ತದೆ. ಬಡತನ ರೇಖೆಗಿಂತ ಮೇಲಿದ್ದವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲವೆಂಬುದು ತೀರ್ಮಾನಕ್ಕೆ ಬಲ ಕೊಡುತ್ತದೆ.

ಇನ್ನೊಂದು ಅಧ್ಯಯನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕುರಿತದ್ದು. ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಮಿತಿಯ, ಸ್ಮಾರ್ಟ್ ಕಾರ್ಡಿನ ಈ ಕೇಂದ್ರ ಯೋಜನೆ 2008ರಲ್ಲಿ ಆರಂಭವಾಗಿತ್ತು. ಅನೂಪ್ ಮಲಾನಿ ಮತ್ತಿತರರು ಕಲಬುರಗಿ, ಮೈಸೂರು ಜಿಲ್ಲೆಗಳ 10,879 ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ವಿಮೆ ಉಚಿತ, ಕೆಲವರಿಗೆ ಹಣಕ್ಕೆ, ಕೆಲವರಿಗೆ ಇಲ್ಲವೇ ಇಲ್ಲ. ಉಚಿತವಾಗಿದ್ದಲ್ಲಿ ಶೇ 79ರಷ್ಟು ಕುಟುಂಬಗಳು ಸೇರಿದವು. ಪೂರ್ತಿ ಕಂತು ಕಟ್ಟಬೇಕಿದ್ದಲ್ಲೂ ಶೇ 60ರಷ್ಟು. ಹಳ್ಳಿಯವರಿಗೆ ವಿಮೆ ಬೇಡ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಆದರೆ ಮೂರೂವರೆ ವರ್ಷದ ಬಳಿಕ ನೋಡಿದರೆ ಆರೋಗ್ಯದಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಬಳಸಲು ಹೋದವರಲ್ಲಿ ಅನೇಕರಿಗೆ ಕಾರ್ಡು ಕೆಲಸಕ್ಕೆ ಬರಲಿಲ್ಲ.

ಇವೆರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸುವಂತಿಲ್ಲ. ಮೊದಲನೆಯದು ಬಿಪಿಎಲ್ ಕುಟುಂಬಗಳ ಮಾತು, ಎರಡನೆಯದು ಬಹುಪಾಲು ಆ ರೇಖೆಯ ಮೇಲಿನವರದು. ಆದರೂ ವ್ಯತ್ಯಾಸದ ಬೇರು ವಿಮೆಯ ಮೊತ್ತಕ್ಕಿಂತ ಅದರ ರಚನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಆರೋಗ್ಯಶ್ರೀಯಲ್ಲಿ ನೋಂದಣಿಯ ಗೊಡವೆ ಇರಲಿಲ್ಲ, ಬಿಪಿಎಲ್ ಕಾರ್ಡೇ ಸಾಕಿತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ಜೀವ ತೆಗೆಯುವ ಕಾಯಿಲೆಗಳನ್ನೇ ಅದು ಆರಿಸಿಕೊಂಡಿತ್ತು. ಹಳ್ಳಿಗಳ ಕಡೆಗೇ ಹೋಗಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿತ್ತು. ಆಸ್ಪತ್ರೆಯಲ್ಲಿ ದಾರಿ ತೋರಿಸಲು ಆರೋಗ್ಯ ಮಿತ್ರ ಇರುತ್ತಿದ್ದ. ಸ್ಮಾರ್ಟ್ ಕಾರ್ಡು ಹಿಡಿದವನಾದರೋ ಆಸ್ಪತ್ರೆಯ ಕೌಂಟರಿನಲ್ಲಿ ಬಹುಮಟ್ಟಿಗೆ ಒಂಟಿ.

2018ರಲ್ಲಿ ಯಶಸ್ವಿನಿ, ಆರೋಗ್ಯಶ್ರೀ ಮುಂತಾದವೆಲ್ಲ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋದವು. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಮಿತಿ 5 ಲಕ್ಷಕ್ಕೇರಿತು. ಸಹಕಾರಿಗಳ ಒತ್ತಾಯಕ್ಕೆ ಯಶಸ್ವಿನಿ ಮರಳಿ ಬಂದಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರ ಶೇ 64.2ರಿಂದ 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎನ್ನುತ್ತವೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು. ಹೀಗೆ ಕೈಯಿಂದ ಕೊಡುವುದರಲ್ಲಿ ದೊಡ್ಡದು ಔಷಧಿ ಅಂಗಡಿಯ ಬಿಲ್ಲು; ಅದು ಯಶಸ್ವಿನಿಯ ಕಾಲದಲ್ಲಿ ಹೇಗೋ ಈಗಲೂ ಹಾಗೆಯೇ ಬಹುಮಟ್ಟಿಗೆ ವಿಮೆಯ ಹೊರಗಿದೆ. ಮುಂದಿನ ಮೌಲ್ಯಮಾಪನ ಯಾರೇ ಮಾಡಲಿ, ಶಸ್ತ್ರಚಿಕಿತ್ಸೆಗಳ ಸಂಖ್ಯೆಯ ಜೊತೆಗೆ ಆ ಬಿಲ್ಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.