ಎಕೋ ಪರೀಕ್ಷೆಯಲ್ಲಿ ಕಂಡುಬರುವ ಹೃದಯದ ನಿರಪಾಯಕಾರಿ ರಚನೆಗಳು: ಸಾರ್ವಜನಿಕರಿಗೆ ಮಾಹಿತಿ

ಹೃದಯದ ರಚನೆ ಹಾಗೂ ಕಾರ್ಯವನ್ನು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ಪರಿಶೀಲಿಸುವ ವಿಧಾನವೇ ಎಕೋ ಪರೀಕ್ಷೆ. ಈ ಪರೀಕ್ಷೆಯಲ್ಲಿ ಕೆಲವರ ಹೃದಯದೊಳಗೆ ಎಳೆ, ಪಟ್ಟಿ ಅಥವಾ ಉಬ್ಬು ಗೋಚರಿಸುತ್ತದೆ. ಇವುಗಳ ಪೈಕಿ ಅನೇಕವು ಹುಟ್ಟಿನಿಂದಲೇ ಇರುವ, ಚಿಕಿತ್ಸೆಯ ಅಗತ್ಯವಿಲ್ಲದ ರಚನೆಗಳಾಗಿರುತ್ತವೆ. ಸದರಿ ರಚನೆಗಳನ್ನು ರಕ್ತದ ಹೆಪ್ಪು, ಗಡ್ಡೆ ಅಥವಾ ಸೋಂಕೆಂದು ತಪ್ಪಾಗಿ ಭಾವಿಸಿದಲ್ಲಿ ರೋಗಿಯು ಅನಗತ್ಯ ಔಷಧ ಸೇವನೆಗೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಗೂ ಒಳಗಾಗುವ ಸಂಭವವಿರುತ್ತದೆ.

ಪ್ರಮುಖ ರಚನೆಗಳು ಈ ಕೆಳಕಂಡಂತಿವೆ:

1. ಯುಸ್ಟೇಶಿಯನ್ ಕವಾಟ: ಕೆಳ ಮಹಾಸಿರೆಯು ಬಲ ಹೃತ್ಕರ್ಣವನ್ನು ಸೇರುವಲ್ಲಿರುವ ಮಡಿಕೆ. ಗರ್ಭಸ್ಥ ಶಿಶುವಿನಲ್ಲಿ ಆಮ್ಲಜನಕಯುಕ್ತ ರಕ್ತವನ್ನು ಎಡಭಾಗಕ್ಕೆ ತಿರುಗಿಸುವ ಈ ಮಡಿಕೆಯು ಜನನಾನಂತರವೂ ಕೆಲವರಲ್ಲಿ ಉಳಿಯುತ್ತದೆ.

2. ಕಿಯಾರಿ ಜಾಲ: ಬಲ ಹೃತ್ಕರ್ಣದಲ್ಲಿ ಅಲುಗಾಡುವ ಬಲೆಯಂತಹ ಎಳೆಗಳು. ಹಾನ್ಸ್ ಕಿಯಾರಿ ಎಂಬ ವೈದ್ಯರು 1897ರಲ್ಲಿ ಇದನ್ನು ವಿವರಿಸಿದರು. ಸುಮಾರು ಶೇ. 2ರಷ್ಟು ಜನರಲ್ಲಿ ಇದು ಕಂಡುಬರುತ್ತದೆ.

3. ಮಾಡರೇಟರ್ ಬ್ಯಾಂಡ್: ಬಲ ಹೃತ್ಕುಕ್ಷಿಯಲ್ಲಿ ಅಡ್ಡಲಾಗಿರುವ ಸ್ನಾಯುಪಟ್ಟಿ. ಹೃದಯ ಬಡಿತದ ವಿದ್ಯುತ್ ಸಂಕೇತವನ್ನು ಸಾಗಿಸುವ ತಂತುಗಳು ಇದರಲ್ಲಿರುತ್ತವೆ.

4. ವಾರ್ಫರಿನ್ ಏಣು: ಎಡ ಹೃತ್ಕರ್ಣದ ಉಪಾಂಗ ಹಾಗೂ ಶ್ವಾಸಕೋಶದ ಎಡ ಮೇಲಿನ ಸಿರೆಯ ನಡುವಣ ಅಂಗಾಂಶದ ಏಣು. ಇದನ್ನು ಹೆಪ್ಪೆಂದು ತಿಳಿದು, ಹೆಪ್ಪುಗಟ್ಟುವಿಕೆಯನ್ನು ತಡೆಯುವ ವಾರ್ಫರಿನ್ ಔಷಧ ನೀಡಲಾಗುತ್ತಿದ್ದುದರಿಂದ ಈ ಹೆಸರು ಬಂದಿದೆ. ಸದರಿ ಔಷಧದಿಂದ ರಕ್ತಸ್ರಾವದ ಅಪಾಯವಿರುವುದರಿಂದ ತಪ್ಪು ನಿರ್ಣಯವು ಹಾನಿಕರ.

5. ಹುಸಿ ತಂತು: ಎಡ ಹೃತ್ಕುಕ್ಷಿಯನ್ನು ಹಾದುಹೋಗುವ, ಕವಾಟಕ್ಕೆ ಜೋಡಣೆಯಾಗದ ನಾರಿನ ಎಳೆ.

ಗುರುತಿಸುವ ಕ್ರಮ

ವೈದ್ಯರು ರಚನೆಯ ಸ್ಥಾನ, ಅಂಟಿಕೊಂಡಿರುವ ಬಗೆ ಮತ್ತು ಚಲನೆಯನ್ನು ವಿವಿಧ ಕೋನಗಳಿಂದ ಪರಿಶೀಲಿಸುತ್ತಾರೆ. ಜ್ವರ, ಪಾರ್ಶ್ವವಾಯು, ಹೃದಯ ಬಡಿತದ ಏರುಪೇರು ಮುಂತಾದ ಲಕ್ಷಣಗಳನ್ನೂ ಪರಿಗಣಿಸುತ್ತಾರೆ. ಸಂದೇಹವಿದ್ದಲ್ಲಿ ಅನ್ನನಾಳದ ಮೂಲಕ ಎಕೋ ಪರೀಕ್ಷೆ, ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಲು ಸೂಚಿಸಬಹುದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಹಿಂದಿನ ಎಕೋ ವರದಿಗಳನ್ನು ಹಾಗೂ ಲಭ್ಯವಿದ್ದಲ್ಲಿ ಚಿತ್ರಗಳ ಸಿ.ಡಿ.ಯನ್ನು ಜೋಪಾನವಾಗಿರಿಸಿ, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ಹಾಜರುಪಡಿಸುವುದು. ಹಳೆಯ ವರದಿಯಲ್ಲೂ ಅದೇ ರಚನೆ ಬದಲಾವಣೆಯಿಲ್ಲದೆ ಇದ್ದಲ್ಲಿ ನಿರ್ಣಯ ಸುಲಭವಾಗುತ್ತದೆ.

ಆ) ವರದಿಯಲ್ಲಿ ಮೇಲ್ಕಂಡ ಹೆಸರುಗಳಿದ್ದಲ್ಲಿ ಗಾಬರಿಗೊಳ್ಳದೆ ವೈದ್ಯರಿಂದ ವಿವರಣೆ ಪಡೆಯುವುದು.

ಇ) ಶಸ್ತ್ರಚಿಕಿತ್ಸೆ ಸೂಚಿಸಿದಲ್ಲಿ ಮತ್ತೊಬ್ಬ ಹೃದ್ರೋಗ ತಜ್ಞರ ಅಭಿಪ್ರಾಯ ಪಡೆಯಬಹುದಾಗಿದೆ.

ಸೂಚನೆ: ವಿರಳವಾಗಿ ಇಂತಹ ರಚನೆಗಳ ಮೇಲೂ ಸೋಂಕು ಅಥವಾ ಹೆಪ್ಪು ಉಂಟಾಗಬಹುದು. ಆದುದರಿಂದ ಈ ಮಾಹಿತಿಯನ್ನು ಆಧರಿಸಿ, ವೈದ್ಯರ ಸಲಹೆಯಿಲ್ಲದೆ ಯಾವುದೇ ಔಷಧವನ್ನು ನಿಲ್ಲಿಸತಕ್ಕದ್ದಲ್ಲ.