ಕೂಲಿಮಠದಲ್ಲಿ ಒಬ್ಬೊಬ್ಬರ ಪಾಠ

ಹಳೆಯ ಕಾಲದ ಹಳ್ಳಿಶಾಲೆಯಾದ ಕೂಲಿಮಠ ಎಂದೊಡನೆ ನೆನಪಾಗುವುದು ಜಗಲಿಯ ಮೇಲೆ ಸಾಲಾಗಿ ನಿಂತು ಒಂದೇ ದನಿಯಲ್ಲಿ ಮಗ್ಗಿ ಒಪ್ಪಿಸುವ ಹುಡುಗರು, ಎದುರಿಗೆ ಬೆತ್ತ ಹಿಡಿದ ಉಪಾಧ್ಯಾಯರು, ಅಂದರೆ ಐಗಳು. ಈ ಚಿತ್ರ ಸುಳ್ಳೇನಲ್ಲ. ಆದರೆ ದಿನದ ಉಳಿದ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿದ್ದ ಕಲಿಕೆ ಬೇರೆ ಬಗೆಯದು: ಪ್ರತಿ ಹುಡುಗನಿಗೂ ಅವನವನ ಪಾಠ. ಇದಕ್ಕೆ ಒಳ್ಳೆಯ ಸಾಕ್ಷಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ಹೆಚ್ಚಿನವರು ಪಟ್ಟಿ ತುಂಬಿ ಕಳಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ ಶಾಲೆಯೊಳಗೆ ಏನು ನಡೆಯುತ್ತದೆಂದೂ ಬರೆದ. ಅನಂತಪುರವೂ ಸೇರಿದ್ದ ಅಂದಿನ ಬಳ್ಳಾರಿಯಲ್ಲಿ ಅವನಿಗೆ ಸಿಕ್ಕದ್ದು 533 ಶಾಲೆಗಳು, 6,641 ಮಕ್ಕಳು. 235 ಶಾಲೆಗಳು ಕನ್ನಡದವು, 226 ತೆಲುಗಿನವು. ಸರಾಸರಿ ತೆಗೆದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು.

ಮಗುವಿಗೆ ಐದು ತುಂಬಿದಾಗ ಐಗಳೂ ಶಾಲೆಯ ಹುಡುಗರೂ ಅದರ ಮನೆಗೇ ಹೋಗಿ ಗಣಪತಿಯ ಮುಂದೆ ಕೂರುತ್ತಿದ್ದರು. ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತಿದ್ದರು. ಹೀಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರುವಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಿಕೊಡುವುದಾದರೂ ಹೇಗೆ? ಬೆಳಗಿನ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು. ಹನ್ನೆರಡನೆಯವನ ಪಾಡನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಆಮೇಲೆ ಒಬ್ಬ ಮರಳಲ್ಲಿ ಅಕ್ಷರ ತಿದ್ದುತ್ತಿದ್ದರೆ ಮತ್ತೊಬ್ಬ ಇದ್ದಿಲುಪುಡಿ ಬಳಿದ ಹಲಗೆಯ ಮೇಲೋ ಮಡಿಸಿದ ಕಪ್ಪು ಬಟ್ಟೆಯ ಕಡತದ ಮೇಲೋ ಬಳಪದಿಂದ ಬರೆಯುತ್ತಿದ್ದ. ದೊಡ್ಡವರು ಹಣ, ಅಳತೆ, ತೂಕದ ಲೆಕ್ಕ ಮಾಡುತ್ತಿದ್ದರು. ಕಾಲು, ಕಾಲಿನಲ್ಲಿ ಕಾಲು ಎಂದು ನಾಲ್ಕು ನಾಲ್ಕು ಪಾಲಾಗಿ ಇಳಿಯುವ ಭಿನ್ನರಾಶಿಗೆ ಐಗಳು ವಿಶೇಷ ಶ್ರಮ ಪಡುತ್ತಿದ್ದರು. ಎಲ್ಲೆಲ್ಲಿಂದಲೋ ಕೂಡಿಹಾಕಿದ ಹಳೆಯ ಓಲೆಕಾಗದಗಳನ್ನು ಹುಡುಗರ ಕೈಗೆ ಕೊಟ್ಟು ಬಗೆಬಗೆಯ ಕೈಬರಹ ಓದಿಸುವುದು, ಕರಾರುಪತ್ರ ಬರೆಸುವುದು ಕೂಡ ಪಾಠವೇ. ಓದುವ ಪುಸ್ತಕವೂ ಎಲ್ಲರಿಗೆ ಒಂದಲ್ಲ. ರಾಮಾಯಣ, ಭಾರತ, ಭಾಗವತ ಸಾಮಾನ್ಯ. ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ. ಕಸುಬುದಾರರ ಮಕ್ಕಳಿಗೆ ವಿಶ್ವಕರ್ಮಪುರಾಣ.

ಶಾಲೆಯಲ್ಲಿ ನಾಲ್ಕು ತರಗತಿಗಳಿರುತ್ತಿದ್ದವೆಂದು ಕ್ಯಾಂಬೆಲ್ಲನೇ ಬರೆದಿದ್ದಾನಲ್ಲ, ಕೆಳಗಿನವರನ್ನು ನೋಡಿಕೊಳ್ಳುತ್ತಿದ್ದುದು ಮುಂದಿನ ಹುಡುಗರಲ್ಲವೇ, ಇದು ಒಬ್ಬೊಬ್ಬರ ಪಾಠ ಹೇಗಾಯಿತು ಎಂದು ಯಾರಾದರೂ ಕೇಳಬಹುದು. ಮಗ್ಗಿ, ಕೋಷ್ಟಕಗಳನ್ನು ದಿನಕ್ಕೆರಡು ಬಾರಿ ಎಲ್ಲರೂ ಸಾಲಾಗಿ ನಿಂತು ಹೇಳುತ್ತಿದ್ದುದೂ ನಿಜ. ಆದರೆ ಒಂದು ತರಗತಿಯಿಂದ ಇನ್ನೊಂದಕ್ಕೆ ಹುಡುಗ ಏರುತ್ತಿದ್ದುದು ತನ್ನ ಶಕ್ತಿ, ತನ್ನ ಪ್ರಗತಿಗೆ ತಕ್ಕಂತೆ. ವರ್ಷ ಕಳೆಯಿತೆಂದು ಇಡೀ ತಂಡ ಮುಂದೆ ಹೋಗುತ್ತಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಪುರಾವೆ ಐಗಳ ಸಂಬಳದಲ್ಲಿದೆ. ಮೊದಮೊದಲ ಕಲಿಕೆಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಮಟ್ಟಕ್ಕೆ ಅಥವಾ ಮೇಲಿನ ಲೆಕ್ಕಕ್ಕೆ ಬಂದರೆ ಅರ್ಧ ರೂಪಾಯಿ. ಕಾವ್ಯದ ಅರ್ಥ ಬಿಡಿಸಿ ಹೇಳಬೇಕೆಂದರೆ ಬಹುತೇಕ ತಂದೆತಾಯಿಗಳ ಕೈಗೆ ಎಟುಕದಷ್ಟು. ಯಾವ ಹುಡುಗ ಎಲ್ಲಿಯವರೆಗೆ ಬಂದಿದ್ದಾನೆಂದು ಐಗಳಿಗೆ ಬೆರಳ ತುದಿಯಲ್ಲಿ ಗೊತ್ತಿರಲೇಬೇಕಿತ್ತು, ಅವರ ಹೊಟ್ಟೆಪಾಡು ಅದರ ಮೇಲೆಯೇ ನಿಂತಿತ್ತು. ಅರ್ಥ ತಿಳಿಯದ ಬಾಯಿಪಾಠ ಅಲ್ಲಿ ವಿಪರೀತವಾಗಿತ್ತೆಂಬ ಕ್ಯಾಂಬೆಲ್ಲನ ದೂರನ್ನೂ ಈ ದರಪಟ್ಟಿಯ ಜೊತೆಗಿಟ್ಟು ನೋಡಬೇಕು: ಅರ್ಥಕ್ಕೆ ಬೇರೆ ಬೆಲೆಯಿತ್ತು.

ನನಗೆ ಹೆಚ್ಚು ತೂಕದ್ದೆನಿಸುವ ಆಕ್ಷೇಪ ಇನ್ನೊಂದು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಜಿಲ್ಲೆಯ ಜನಸಂಖ್ಯೆ 9,27,857. ಅಂದರೆ ನೂರನಲವತ್ತು ಜನರಿಗೆ ಒಂದು ಮಗು ಶಾಲೆಯಲ್ಲಿ. ದೇಶೀ ಬಟ್ಟೆಯ ಜಾಗಕ್ಕೆ ವಿಲಾಯಿತಿ ಬಟ್ಟೆ ಬಂದು ಕಸುಬಿನವರು ಬಡವಾದದ್ದು ಈ ಸಂಖ್ಯೆ ಕುಗ್ಗಲು ಒಂದು ಕಾರಣವೆಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾದ ಕ್ಯಾಂಬೆಲ್ಲನೇ ಒಪ್ಪಿಕೊಂಡಿದ್ದಾನೆ. ಆದರೂ ಹೆಣ್ಣುಮಕ್ಕಳು ಹೊರಗುಳಿದದ್ದಕ್ಕೆ ಆ ಕಾರಣವೊಂದೇ ಸಾಲದು. ಹನ್ನೆರಡು ಮಕ್ಕಳಿದ್ದುದರಿಂದಲೇ ಐಗಳಿಗೆ ಒಬ್ಬೊಬ್ಬರನ್ನು ನೋಡಲು ಬಿಡುವಿತ್ತು, ಹನ್ನೆರಡೇ ಇದ್ದುದಕ್ಕೆ ಬಾಗಿಲಾಚೆ ಉಳಿದವರು ಬೆಲೆ ತೆತ್ತರು. ಮುಂದೆ 1868ರಲ್ಲಿ ಪಕ್ಕದ ಮೈಸೂರಿನಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ತಂದಾಗ ತರಬೇತಿ, ಅಚ್ಚಿನ ಪುಸ್ತಕ, ಸರ್ಕಾರದ ಸಂಬಳ ಹಳ್ಳಿಗೆ ಬಂದವು. ಹಳೆಯ ಕ್ರಮ ಅಳಿಯಿತೆಂದು ಮರುಗುವವರು ಆ ಶಾಲೆಗೆ ಮೊದಲ ಬಾರಿ ಕಾಲಿಟ್ಟ ಮಗುವಿನ ಕಡೆಯಿಂದಲೂ ಲೆಕ್ಕ ಹಾಕಬೇಕು. ಹೊಸ ಶಾಲೆಯನ್ನು ಹೊಗಳುವವರು, ಕಾಲು ರೂಪಾಯಿಯ ಐಗಳು ಪ್ರತಿ ಹುಡುಗನ ಹಲಗೆಯನ್ನೂ ದಿನಾ ನೋಡುತ್ತಿದ್ದರೆಂಬುದನ್ನು ಒಪ್ಪಬೇಕು.